ಅಂಗವಿಕಲ ರೈತರ ಸಲಕರಣೆಗಳಿಗೊಂದು ನಕ್ಷೆ

ಸುಗ್ಗಿಯ ಕಾಲವು ರೈತನಿಗೆ ಸಂತೋಷದ ಕಾಲವೆಂಬುದು ಸರ್ವರಿಗೂ ತಿಳಿದ ವಿಷಯವೇ ಸರಿ. ಆದರೆ ಯಂತ್ರಗಳಿಂದ ಒಕ್ಕಣೆ ಮಾಡುವ ಪದ್ಧತಿಯು ಹಳ್ಳಿಗಳಲ್ಲಿ ಹರಡಿದಂದಿನಿಂದ ಇದೇ ಕಾಲದಲ್ಲಿ ಕೆಲವು ಮನೆಗಳಿಗೆ ದೊಡ್ಡ ದುಃಖವೂ ಬಂದೊದಗುತ್ತಿದೆ. ತೆನೆಯನ್ನು ಯಂತ್ರದ ಬಾಯಿಗೊಡ್ಡುವ ಕೈಯನ್ನೇ ಯಂತ್ರವು ಎಳೆದುಕೊಳ್ಳುವುದುಂಟು. ಮೇವು ಕತ್ತರಿಸುವಾಗ ಬೆರಳುಗಳು ಹೋಗುವುದುಂಟು. ಹಾವು ಕಚ್ಚಿದವನು ಪ್ರಾಣದಿಂದ ಉಳಿದರೂ ಕಾಲನ್ನು ಕಳೆದುಕೊಳ್ಳುವುದುಂಟು. ಯಂತ್ರಗಳಿಂದಾಗುವ ಅನಾಹುತಗಳನ್ನು ತಡೆಯುವುದಕ್ಕಾಗಿ ೧೯೮೩ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಶಾಸನವು ಏರ್ಪಟ್ಟಿತು. ಅಂಗಹಾನಿ ಹೊಂದಿದ ಕೂಲಿಗಾರರಿಗೆ ಪರಿಹಾರ ದೊರಕಿಸುವ ಏರ್ಪಾಡೂ ಅದರಲ್ಲಿದೆ. ಶಾಸನವು ಪರಿಹಾರವನ್ನು ಹೇಳುತ್ತದೆ, ಆಸ್ಪತ್ರೆಯು ಗಾಯವನ್ನು ಮಾಯಿಸುತ್ತದೆ. ಆದರೆ ಮುಂದಿನ ಮುಂಗಾರಿನಲ್ಲಿ ಒಂದೇ ಕೈಯಿಂದ ಬೇಸಾಯ ಮಾಡುವುದು ಹೇಗೆಂಬ ಪ್ರಶ್ನೆಗೆ ಉತ್ತರ ಹೇಳುವವರು ಹಳ್ಳಿಯಲ್ಲಿ ಯಾರೂ ಇರುವುದಿಲ್ಲ.

ಉತ್ತರ ದೊರೆಯದ ರೈತನು ಏನು ಮಾಡುವನು? ಒಂದೆರಡು ತಿಂಗಳು ಜಗಲಿಯ ಮೇಲೆ ಕುಳಿತಿದ್ದು, ಬಿತ್ತನೆಯ ಹದ ಮೀರುತ್ತಿರುವುದನ್ನು ಕಂಡು, ಜಮೀನನ್ನು ಪಾಲಿಗೆ ಕೊಟ್ಟುಬಿಡುತ್ತಾನೆ. ಒಮ್ಮೆ ಪಾಲಿಗೆ ಹೋದ ಭೂಮಿಯು ಮರಳಿ ಸ್ವಂತ ಸಾಗುವಳಿಗೆ ಬರುವುದು ಕಷ್ಟ. ಎತ್ತುಗಳು ಮಾರಾಟವಾಗುತ್ತವೆ, ಗೊಬ್ಬರದ ಗುಂಡಿಯು ಬರಿದಾಗುತ್ತದೆ, ಮಕ್ಕಳು ಕೂಲಿಗೆ ಹೊರಡುತ್ತಾರೆ. ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು ಎಂಬ ಗಾದೆಯು ಸುಳ್ಳಲ್ಲ. ಕೈಯೊಂದು ಹೋದರೂ ಆ ರೈತನ ಕಣ್ಣು, ಅನುಭವ, ತನ್ನ ಹೊಲದ ಯಾವ ಮೂಲೆಯಲ್ಲಿ ನೀರು ನಿಲ್ಲುವುದೆಂಬ ಜ್ಞಾನ, ಇವು ಯಾವುವೂ ಹೋಗಿರುವುದಿಲ್ಲ. ತಕ್ಕ ಸಲಕರಣೆಯು ಎಲ್ಲಿ ಸಿಕ್ಕುವುದೆಂದು ತಿಳಿಯದ ಮಾತ್ರಕ್ಕೆ ಇಷ್ಟು ಜ್ಞಾನವು ಜಗಲಿಯ ಮೇಲೆ ಕುಳಿತಿರುವುದು ಆ ಮನೆಗೆ ಮಾತ್ರವಲ್ಲದೆ ದೇಶದ ಬೇಸಾಯಕ್ಕೂ ನಷ್ಟವಾಗಿರುತ್ತದೆ.

ಈ ವಿಷಯವು ಅಲ್ಪವಾದುದೆಂದು ಯಾರೂ ಭಾವಿಸತಕ್ಕದ್ದಲ್ಲ. ೨೦೧೧ರ ಖಾನೇಷುಮಾರಿಯಂತೆ ಭಾರತದಲ್ಲಿ ಸುಮಾರು ೨ ಕೋಟಿ ೬೮ ಲಕ್ಷ ಮಂದಿ ಅಂಗವಿಕಲರಿದ್ದರು. ಅವರಲ್ಲಿ ಸುಮಾರು ೧ ಕೋಟಿ ೮೬ ಲಕ್ಷ ಮಂದಿ ಗ್ರಾಮವಾಸಿಗಳು. ಕರ್ಣಾಟಕದಲ್ಲಿ ಈ ಸಂಖ್ಯೆಯು ೧೩ ಲಕ್ಷಕ್ಕೆ ಮೀರಿತ್ತು. ಪ್ರಪಂಚದಲ್ಲೆಲ್ಲ ೨೫೦ ಕೋಟಿಗೂ ಮಿಕ್ಕ ಜನರಿಗೆ ಕನ್ನಡಕ, ಶ್ರವಣಯಂತ್ರ, ಗಾಲಿಕುರ್ಚಿ, ಕೃತಕ ಕಾಲು ಮುಂತಾದ ಯಾವುದಾದರೊಂದು ಸಹಾಯಕ ಸಲಕರಣೆಯು ಬೇಕಾಗಿದೆಯೆಂದೂ, ಅವರಲ್ಲಿ ಸುಮಾರು ೧೦೦ ಕೋಟಿ ಜನರಿಗೆ ಅದು ದೊರೆಯುತ್ತಿಲ್ಲವೆಂದೂ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯೂನಿಸೆಫ್ ಸಂಸ್ಥೆಯವರು ೨೦೨೨ರಲ್ಲಿ ಪ್ರಕಟಿಸಿದ ವರದಿಯಿಂದ ತಿಳಿದುಬರುತ್ತದೆ. ಇದಲ್ಲದೆ, ೨೦೧೬ರ ವಿಕಲಚೇತನರ ಹಕ್ಕುಗಳ ಅಧಿನಿಯಮದ ೩೭ನೆಯ ಪ್ರಕರಣದಲ್ಲಿ, ಸರ್ಕಾರದ ಯೋಜನೆಗಳ ಮೇರೆಗೆ ವ್ಯವಸಾಯದ ಭೂಮಿಯನ್ನು ಹಂಚುವಾಗ ಶೇಕಡಾ ೫ ಭಾಗವನ್ನು ನಿಗದಿಯಾದ ಪ್ರಮಾಣದ ಅಂಗವೈಕಲ್ಯವುಳ್ಳವರಿಗೆ ಮೀಸಲಾಗಿಡಬೇಕೆಂದು ವಿಧಿಸಲಾಗಿದೆ. ಭೂಮಿಯನ್ನು ಕೊಟ್ಟು, ಅದನ್ನು ಉಳುವ ಉಪಾಯವನ್ನು ಹೇಳದಿದ್ದರೆ ಅರ್ಧ ಕೆಲಸವನ್ನು ಮಾಡಿದಂತಾಯಿತು.

ಸಲಕರಣೆಗಳೇ ಇಲ್ಲವೆಂದು ಹೇಳುವಂತಿಲ್ಲ. ಜಯಪುರದ ಕಾಲೆಂದು ಪ್ರಸಿದ್ಧವಾದ ಕೃತಕ ಪಾದವನ್ನೇ ನೋಡಬಹುದು. ೧೯೬೮ರ ಸುಮಾರಿನಲ್ಲಿ ಜಯಪುರದ ಕುಶಲಕರ್ಮಿಯಾದ ರಾಮಚಂದ್ರ ಶರ್ಮರೂ, ಮೂಳೆವೈದ್ಯರಾದ ಡಾಕ್ಟರ್ ಪಿ. ಕೆ. ಸೇಠಿಯವರೂ ಸೇರಿ ಇದನ್ನು ರೂಪಿಸಿದರು. ಅದಕ್ಕೆ ಹಿಂದೆ ಬಳಕೆಯಲ್ಲಿದ್ದ ವಿದೇಶೀ ಮಾದರಿಯ ಪಾದಗಳು ಬೂಟುಗಳೊಳಗೆ ಇಟ್ಟು ನಡೆಯತಕ್ಕವುಗಳು. ನೀರು ತಗಲಿದರೆ ಕೆಡುವಂಥವು. ಅವುಗಳನ್ನು ಕಟ್ಟಿಕೊಂಡವನು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂರುವಂತಿರಲಿಲ್ಲ. ರಬ್ಬರಿನಿಂದ ಮಾಡಿದ ಜಯಪುರದ ಪಾದವನ್ನಾದರೋ ಕಟ್ಟಿಕೊಂಡು ಬರಿಗಾಲಿನಲ್ಲಿ ನಡೆಯಬಹುದು, ಕೆಸರಿಗೆ ಇಳಿಯಬಹುದು, ನೆಲದ ಮೇಲೆ ಕೂರಬಹುದು. ರೈತನು ದಿನವೂ ಮಾಡುವ ಕೆಲಸವನ್ನು ಮೊದಲು ನೋಡಿ, ಅನಂತರ ವಸ್ತುವನ್ನು ರೂಪಿಸಿದುದೇ ಇದರ ಜಯಕ್ಕೆ ಕಾರಣವೆಂದು ಹೇಳಬಹುದು. ೧೯೭೫ರಲ್ಲಿ ಸ್ಥಾಪಿತವಾದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯವರು ಇದನ್ನು ಉಚಿತವಾಗಿ ತೊಡಿಸುತ್ತ ಬಂದಿದ್ದಾರೆ. ಕಾನ್ಪುರದಲ್ಲಿ ೧೯೭೨ರಲ್ಲಿ ಸ್ಥಾಪಿತವಾದ ಸರ್ಕಾರೀ ಕೃತಕ ಅಂಗಗಳ ಕಾರ್ಖಾನೆಯು ಮೂರು ಚಕ್ರದ ಗಾಡಿ, ಊರುಗೋಲು, ಶ್ರವಣಯಂತ್ರ ಮುಂತಾದುವುಗಳನ್ನು ತಯಾರಿಸುತ್ತಿದೆ. ಮೈಸೂರಿನಲ್ಲಿ ೧೯೬೫ರಿಂದ ನಡೆಯುತ್ತಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿಯ ಪರೀಕ್ಷೆ ಮಾಡಿ ತಕ್ಕ ಯಂತ್ರವನ್ನು ಗೊತ್ತುಮಾಡುವ ತಜ್ಞರಿದ್ದಾರೆ.

ಇವೆಲ್ಲವೂ ಅಂಗವಿಕಲರಿಗಾಗಿಯೇ ಮಾಡಿದ ವಸ್ತುಗಳು. ಇವುಗಳಲ್ಲದೆ, ಯಾರೂ ಆ ಹೆಸರಿನಿಂದ ಕರೆಯದ, ಆದರೆ ಅದೇ ಪ್ರಯೋಜನವನ್ನು ಕೊಡುವ ವ್ಯವಸಾಯದ ಉಪಕರಣಗಳು ಹಲವಿವೆ. ಸೈಕಲ್ ಕುಂಟೆಯೆಂದು ಕರೆಯಲ್ಪಡುವ ಚಕ್ರದ ಎಡೆಕುಂಟೆಯಿಂದ ಮಂಡಿ ಬಾಗದವನು ನಿಂತುಕೊಂಡೇ ಕಳೆ ತೆಗೆಯಬಹುದು. ನಿಂತೇ ಬೀಜವನ್ನೂರುವ ಕೊಳವೆಯು ಸೊಂಟ ಬಗ್ಗಿಸಲಾರದ ಹೆಂಗಸಿಗೆ ಅನುಕೂಲವಾದುದು. ದೂರವಾಣಿಯ ಕರೆಯಿಂದಲೇ ನೀರಿನ ಪಂಪನ್ನು ನಡೆಸುವ ಮತ್ತು ನಿಲ್ಲಿಸುವ ಸ್ಟಾರ್ಟರು ಕಣ್ಣು ಕಾಣದ ರೈತನನ್ನು ರಾತ್ರಿಯ ಹೊತ್ತು ಬದುಗಳ ಮೇಲೆ ಎಡವುವ ಕಷ್ಟದಿಂದ ಪಾರುಮಾಡುತ್ತದೆ. ಹಾಲು ಕರೆಯುವ ಯಂತ್ರವು ಬೆರಳುಗಳ ಶಕ್ತಿ ಕುಂದಿದವರಿಗೆ ಜೀವನೋಪಾಯವನ್ನು ಉಳಿಸಿಕೊಡಬಲ್ಲದು. ಇವುಗಳಲ್ಲಿ ಕೆಲವು ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೇಂದ್ರಗಳಲ್ಲಿಯೂ, ಕೆಲವು ತಾಲ್ಲೂಕಿನ ಅಂಗಡಿಗಳಲ್ಲಿಯೂ ಇರತಕ್ಕವು. ಆದರೆ ಅಂಗಡಿಯವನಿಗೆ ಅಂಗವಿಕಲನ ನೆನಪು ಬರುವುದಿಲ್ಲ. ಅಂಗವಿಕಲನಿಗೆ ಅಂಗಡಿಯ ನೆನಪು ಬರುವುದಿಲ್ಲ.

ಕೊರತೆಯಾಗಿರುವುದು ವಸ್ತುಗಳಿಗಿಂತ ಹೆಚ್ಚಾಗಿ ಅವುಗಳ ಸುದ್ದಿ. ಆ ಸುದ್ದಿಯೂ ಹಲವು ಇಲಾಖೆಗಳಲ್ಲಿ ಹಂಚಿಹೋಗಿದೆ. ವೈಕಲ್ಯದ ಗುರುತಿನ ಚೀಟಿಗೆ ವೈದ್ಯರ ಪರೀಕ್ಷೆ ಬೇಕು; ಊರುಗೋಲು, ಗಾಲಿಕುರ್ಚಿಗಳಿಗೆ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯನ್ನು ಕಾಣಬೇಕು; ಕುಂಟೆ, ಸ್ಟಾರ್ಟರುಗಳಿಗೆ ವ್ಯವಸಾಯದ ಕಡೆಗೆ ಬರಬೇಕು. ನಾಲ್ಕು ಕಚೇರಿಗಳನ್ನು ಸುತ್ತುವುದು ಕಾಲುಳ್ಳವನಿಗೇ ಪ್ರಯಾಸವಾಗಿರುವಲ್ಲಿ, ಕಾಲಿಲ್ಲದವನ ಪಾಡನ್ನು ಹೇಳಬೇಕಾದುದಿಲ್ಲ. ಆದಕಾರಣ ಈ ಯಾವತ್ತು ಸಂಗತಿಗಳನ್ನೂ ಒಂದೇ ನಕ್ಷೆಯಲ್ಲಿ ಸೇರಿಸಿ, ಕೈಫೋನಿನಲ್ಲಿ ಕಾಣುವಂತೆಯೂ, ಕೇಳಿದ ಪ್ರಶ್ನೆಗೆ ತಕ್ಕ ಉತ್ತರವನ್ನು ಕೊಡುವಂತೆಯೂ ಏರ್ಪಡಿಸಬೇಕೆಂಬ ಸಲಹೆಯು ಯುಕ್ತವಾದುದು. ದಿಶಾಂಕ್ ಎಂಬ ಸಾಧನದಿಂದ ತಾನು ನಿಂತಿರುವ ನೆಲದ ಸರ್ವೆ ನಂಬರನ್ನು ಕೈಫೋನಿನಲ್ಲಿ ಕಂಡುಕೊಳ್ಳುವ ಕರ್ಣಾಟಕದ ರೈತನಿಗೆ ಇಂಥ ನಕ್ಷೆಯು ಅಪರಿಚಿತವೆನಿಸಲಾರದು. ಪಟ್ಟಿಗಿಂತ ನಕ್ಷೆಯು ಮೇಲೆಂಬುದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಪಟ್ಟಿಯು ವಸ್ತುವಿದೆಯೆಂದು ಹೇಳುತ್ತದೆ; ನಕ್ಷೆಯು ಅದು ಎಷ್ಟು ದೂರದಲ್ಲಿದೆಯೆಂದೂ ಹೇಳುತ್ತದೆ. ಅಂಗವಿಕಲನಿಗೆ ದೂರವೇ ಮುಖ್ಯವಾದ ಪ್ರಶ್ನೆಯಾಗಿರುವುದು.

ಇದಕ್ಕೆ ಸಮೀಪವಾದ ಪ್ರಯತ್ನಗಳು ಅನ್ಯದೇಶಗಳಲ್ಲಿ ನಡೆದಿರುವುವು. ಅಮೇರಿಕ ಸಂಯುಕ್ತ ಸಂಸ್ಥಾನಗಳಲ್ಲಿ ೧೯೯೦ರ ವ್ಯವಸಾಯ ಶಾಸನದ ಮೇರೆಗೆ ಅಂಗವಿಕಲ ರೈತರಿಗಾಗಿ ಅಗ್ರ್ಎಬಿಲಿಟಿ ಎಂಬ ಯೋಜನೆಯು ಹುಟ್ಟಿತು. ಗಾಲಿಕುರ್ಚಿಯಲ್ಲಿರುವವನನ್ನು ಟ್ರಾಕ್ಟರಿನ ಪೀಠಕ್ಕೆ ಎತ್ತುವ ಯಂತ್ರ, ಕಾಲಿಗೆ ಬದಲಾಗಿ ಕೈಯಿಂದ ನಡೆಸುವ ಹಿಡಿಗಳು ಮುಂತಾದ ಸಲಕರಣೆಗಳ ವಿವರಗಳನ್ನು ಅದರ ಮೂಲಕ ಒಂದೆಡೆ ಕೂಡಿಸಿದ್ದಾರೆ. ಜರ್ಮನಿ ದೇಶದ ಬರ್ಲಿನ್ ನಗರದಲ್ಲಿ ೨೦೧೦ರಲ್ಲಿ ವೀಲ್‌ಮ್ಯಾಪ್ ಎಂಬ ನಕ್ಷೆಯು ಆರಂಭವಾಯಿತು. ಇದು ಸಲಕರಣೆಗಳ ನಕ್ಷೆಯಲ್ಲ. ಗಾಲಿಕುರ್ಚಿಯು ಯಾವ ಕಟ್ಟಡದೊಳಕ್ಕೆ ಹೋಗಬಲ್ಲದೆಂಬುದನ್ನು ಸಾಮಾನ್ಯ ಜನರೇ ಗುರುತಿಸುವ ನಕ್ಷೆ. ಹೋಗಬಹುದಾದಲ್ಲಿ ಹಸಿರು, ಸ್ವಲ್ಪ ತೊಡಕಿದ್ದಲ್ಲಿ ಹಳದಿ, ಹೋಗಲಾಗದಲ್ಲಿ ಕೆಂಪು ಎಂದು ಬಣ್ಣಗಳನ್ನಿಟ್ಟು, ಯಾರೂ ನೋಡಿ ತಿಳಿಸದಿರುವ ಸ್ಥಳಕ್ಕೆ ಬೂದು ಬಣ್ಣವನ್ನು ಕೊಟ್ಟರು. ಈ ನಾಲ್ಕರಲ್ಲಿ ಬೂದು ಬಣ್ಣದಿಂದ ಕಲಿಯತಕ್ಕ ಪಾಠವೇ ಎಲ್ಲಕ್ಕಿಂತ ದೊಡ್ಡದು. ತಿಳಿಯದುದನ್ನು ತಿಳಿಯದೆಂದು ಹೇಳುವ ನಕ್ಷೆಯನ್ನು ಮಾತ್ರ ನಂಬಬಹುದು.

ತಪ್ಪು ಗುರುತು ಏನು ಮಾಡುವುದೆಂಬುದನ್ನು ಆಲೋಚಿಸಬೇಕು. ಒಂಟಿಕಾಲಿನ ರೈತನೊಬ್ಬನು ನಕ್ಷೆಯಲ್ಲಿ ತಾಲ್ಲೂಕು ಸ್ಥಳದ ದುರಸ್ತಿ ಅಂಗಡಿಯೊಂದನ್ನು ಕಂಡನೆಂದು ಭಾವಿಸೋಣ. ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತಾನೆ. ಜೊತೆಗೆ ಮಗನನ್ನು ಶಾಲೆ ಬಿಡಿಸಿ ಕರೆದುಕೊಂಡು ಹೋಗುತ್ತಾನೆ. ಅಲ್ಲಿಗೆ ಹೋಗಿ ನೋಡಿದರೆ ಅಂಗಡಿಯು ಮುಚ್ಚಿ ವರ್ಷವಾಗಿದೆ. ಬಸ್ಸಿನ ಹಣ, ಒಂದು ದಿನದ ಕೆಲಸ, ಮಗನ ಒಂದು ದಿನದ ಪಾಠ, ಇವಿಷ್ಟೂ ಹೋದುವು. ಇವೆಲ್ಲಕ್ಕಿಂತ ಹೆಚ್ಚಿನ ನಷ್ಟವೆಂದರೆ, ಆತನು ಎರಡನೆಯ ಸಲ ಯಾರ ಮಾತನ್ನೂ ನಂಬಿ ಹೊರಡುವುದಿಲ್ಲ. ಆತನ ಹಳ್ಳಿಯವರೂ ಹೊರಡುವುದಿಲ್ಲ. ನಕ್ಷೆಯ ಮೇಲಿನ ಬಿಳಿಯ ಜಾಗವು ಯಾರಿಗೂ ಕೇಡು ಮಾಡದು; ತಪ್ಪು ಗುರುತು ಮಾಡುತ್ತದೆ. ಆದುದರಿಂದ ನಕ್ಷೆಯನ್ನು ತಯಾರಿಸುವವರು ಗುರುತುಗಳ ಸಂಖ್ಯೆಯನ್ನು ಹೆಚ್ಚಿಸುವುದರಲ್ಲಿ ಹೆಮ್ಮೆಪಡದೆ, ಇರುವ ಗುರುತುಗಳ ಸತ್ಯತೆಯಲ್ಲಿ ಹೆಮ್ಮೆಪಡತಕ್ಕದ್ದು. ಈ ದೃಷ್ಟಿಯಿಂದ ಕೆಲವು ಅಂಶಗಳನ್ನು ಗಮನಿಸುವುದು ಅವಶ್ಯಕ.

ಮೊದಲನೆಯದಾಗಿ, ನಕ್ಷೆಯು ಕೆಲಸದಿಂದ ಆರಂಭವಾಗಬೇಕೇ ಹೊರತು ವಸ್ತುವಿನ ಹೆಸರಿನಿಂದಲ್ಲ. ರೈತನಿಗೆ ವಸ್ತುವಿನ ಹೆಸರು ತಿಳಿದಿದ್ದರೆ ಅರ್ಧ ತೊಂದರೆಯು ಆಗಲೇ ಪರಿಹಾರವಾಗಿರುತ್ತಿತ್ತು. "ಕಳೆ ತೆಗೆಯಬೇಕು, ಕುಕ್ಕರಿಸಲಾರೆ" ಎಂದು ಆತನು ಹೇಳಿದರೆ ಸೈಕಲ್ ಕುಂಟೆಯು ಕಾಣಬೇಕು. ಅದರೊಡನೆಯೇ ಅದು ಯಾರಿಗೆ ಒದಗದೆಂಬುದೂ ಕಾಣಬೇಕು. ಸೈಕಲ್ ಕುಂಟೆಗೆ ಎರಡು ಕೈಗಳ ಹಿಡಿತ ಬೇಕಾದುದರಿಂದ ಮಂಡಿ ನೋವಿನವನಿಗೆ ಅದು ಹಿತವಾದರೂ ಒಂದು ಕೈಯವನಿಗೆ ಭಾರವೇ ಆದೀತು.

ಎರಡನೆಯದಾಗಿ, ವಸ್ತುವನ್ನು ಕೊಡುವ ಸ್ಥಳಕ್ಕಿಂತ ಅದನ್ನು ಅಳತೆಗೆ ಹೊಂದಿಸುವ ಮತ್ತು ದುರಸ್ತಿ ಮಾಡುವ ಸ್ಥಳವು ಹೆಚ್ಚು ಮುಖ್ಯವಾದುದು. ಗಾಲಿಯ ಒಂದು ಬೇರಿಂಗು ಹೋದ ಮೂರು ಚಕ್ರದ ಗಾಡಿಯು ಕೋಳಿಗಳು ಕೂರುವ ಅಟ್ಟವಾಗುತ್ತದೆ. ಅದನ್ನು ಸರಿಪಡಿಸಬಲ್ಲವನು ಬಹುಶಃ ಪಕ್ಕದ ಊರಿನ ಸೈಕಲ್ ಅಂಗಡಿಯವನೇ ಆಗಿರುತ್ತಾನೆ. ಊರುಗೋಲಿನ ತುದಿಗೆ ರಬ್ಬರು ಹಾಕಬಲ್ಲ ಚಮ್ಮಾರನೂ, ಕುಡುಗೋಲಿಗೆ ಉದ್ದನೆಯ ಹಿಡಿ ಕೂರಿಸಬಲ್ಲ ಬಡಗಿ ಕಮ್ಮಾರರೂ ಈ ನಕ್ಷೆಯಲ್ಲಿ ದೊಡ್ಡ ಆಸ್ಪತ್ರೆಗಳ ಸಮಾನಕ್ಕೆ ಸ್ಥಾನ ಪಡೆಯಲು ಅರ್ಹರು. ಅವರನ್ನು ಕೇಳಿ, ಅವರು ಒಪ್ಪಿದ ಮೇಲೆ ಗುರುತಿಸತಕ್ಕದ್ದು.

ಮೂರನೆಯದಾಗಿ, ಪ್ರತಿಯೊಂದು ಗುರುತಿನ ಕೆಳಗೂ ಅದನ್ನು ಕಡೆಯ ಸಲ ಯಾವ ತಾರೀಖಿನಲ್ಲಿ ಪರೀಕ್ಷಿಸಲಾಯಿತೆಂಬುದು ಕಾಣಬೇಕು. ಗೊತ್ತಾದ ಅವಧಿಯೊಳಗೆ ಯಾರೂ ನೋಡಿ ಬರದಿದ್ದರೆ ಆ ಗುರುತು ತಾನಾಗಿಯೇ ಬೂದು ಬಣ್ಣಕ್ಕೆ ತಿರುಗಬೇಕು. ೧೯೮೧ರಿಂದ ನಡೆದುಬಂದಿರುವ ಕೇಂದ್ರ ಸರ್ಕಾರದ ಸಹಾಯ ಯೋಜನೆಯಂತೆ ಸಲಕರಣೆಗಳ ಬಹುಭಾಗವು ಶಿಬಿರಗಳ ಮೂಲಕ ಹಂಚಲ್ಪಡುವುದು. ಶಿಬಿರವು ಬಂದು ಹೋಗುವ ಸಂತೆಯಂತೆ. ಮಾರನೆಯ ದಿನ ಅಲ್ಲಿ ಬರಿಯ ಮೈದಾನವಿರುತ್ತದೆ. ಅದನ್ನು ನಿತ್ಯದ ಸ್ಥಳವೆಂಬಂತೆ ಗುರುತಿಸಿದರೆ ಜನರು ಮೋಸಹೋಗುವರು. ಅಳತೆ ತೆಗೆಯುವ ದಿನವೂ ವಸ್ತುವನ್ನು ಕೊಡುವ ದಿನವೂ ಬೇರೆಬೇರೆಯಾಗಿರುವುದರಿಂದ ಎರಡನ್ನೂ ಮುಂಚಿತವಾಗಿ ತೋರಿಸಿ, ದಿನ ಕಳೆದೊಡನೆಯೇ ಅಳಿಸತಕ್ಕದ್ದು.

ನಾಲ್ಕನೆಯದಾಗಿ, ಯಾರಿಗಾಗಿ ನಕ್ಷೆಯೋ ಅವರೇ ಅದನ್ನು ಬಳಸಲಾರದಂತೆ ಆಗಕೂಡದು. ಕಣ್ಣು ಕಾಣದವನಿಗೆ ನಕ್ಷೆಯು ಮಾತಿನ ರೂಪದಲ್ಲಿ, ಅಚ್ಚ ಕನ್ನಡದಲ್ಲಿ ಕೇಳಿಸಬೇಕು. ಬಣ್ಣಗಳನ್ನು ಬೇರ್ಪಡಿಸಲಾರದವರಿಗಾಗಿ ಬಣ್ಣದೊಡನೆ ಆಕಾರದ ವ್ಯತ್ಯಾಸವೂ ಇರಬೇಕು. ಬೆರಳು ನಡುಗುವವನಿಗೆ ಒತ್ತುವ ಗುಂಡಿಗಳು ದೊಡ್ಡವಾಗಿರಬೇಕು. ಚಿತ್ರ ಕಾಣುವ ಫೋನಿಲ್ಲದವನು ಒಂದು ಸಂಖ್ಯೆಗೆ ಕರೆಮಾಡಿ ಅದೇ ಉತ್ತರವನ್ನು ಪಡೆಯುವಂತಿರಬೇಕು. ಇದಲ್ಲದೆ ಹೋಬಳಿಯ ರೈತ ಸಂಪರ್ಕ ಕೇಂದ್ರದ ಗೋಡೆಯ ಮೇಲೆ ಆ ಹೋಬಳಿಯ ನಕ್ಷೆಯ ಅಚ್ಚುಪ್ರತಿಯೊಂದನ್ನು ಕುಳಿತವನಿಗೆ ಕಾಣುವ ಎತ್ತರದಲ್ಲಿ ತೂಗುಹಾಕುವುದು ಒಳ್ಳೆಯದು. ಆ ಕೇಂದ್ರದ ಬಾಗಿಲಿಗೆ ಮೂರು ಮೆಟ್ಟಿಲುಗಳಿದ್ದು ಇಳಿಜಾರು ದಾರಿಯಿಲ್ಲದಿದ್ದರೆ, ಆ ಕೇಂದ್ರವನ್ನೇ ಮೊದಲು ಕೆಂಪು ಬಣ್ಣದಿಂದ ಗುರುತಿಸುವ ಪ್ರಾಮಾಣಿಕತೆಯೂ ಇರಬೇಕು.

ಐದನೆಯದಾಗಿ, ನಕ್ಷೆಯಲ್ಲಿ ಸಲಕರಣೆಗಳು ಇರಬೇಕೇ ಹೊರತು ಅಂಗವಿಕಲರು ಇರಕೂಡದು. ಯಾವ ಮನೆಯಲ್ಲಿ ಯಾರಿಗೆ ಏನು ಕೊರತೆಯೆಂಬುದನ್ನು ಊರಿಗೆಲ್ಲ ತೋರಿಸುವುದು ಅವಮಾನಕರ. ಕೆಲವು ವೇಳೆ ಅಪಾಯಕರವೂ ಹೌದು. ತಾನು ಬಳಸುತ್ತಿರುವ ಉಪಕರಣವನ್ನು ಇತರರಿಗೆ ತೋರಿಸುತ್ತೇನೆಂದು ಯಾವ ರೈತನಾದರೂ ತಾನಾಗಿಯೇ ಮುಂದೆ ಬಂದರೆ, ಆತನ ಒಪ್ಪಿಗೆಯನ್ನು ಪಡೆದು ಹೆಸರನ್ನು ಸೇರಿಸಬಹುದು. ಬೇಡವೆಂದ ದಿನವೇ ತೆಗೆಯತಕ್ಕದ್ದು. ಒಬ್ಬ ರೈತನು ಮತ್ತೊಬ್ಬ ರೈತನ ಹೊಲದಲ್ಲಿ ಕಣ್ಣಾರೆ ಕಂಡುದನ್ನು ಹತ್ತು ಉಪನ್ಯಾಸಗಳಿಗಿಂತ ಹೆಚ್ಚಾಗಿ ನಂಬುತ್ತಾನೆಂಬುದು ವ್ಯವಸಾಯ ಪ್ರಚಾರದಲ್ಲಿರುವವರೆಲ್ಲರಿಗೂ ತಿಳಿದಿರುವ ಸಂಗತಿ.

ಇಷ್ಟನ್ನೆಲ್ಲ ನಡೆಸುವವರು ಯಾರೆಂಬ ಆಕ್ಷೇಪಣೆಯು ಬರಬಹುದು. ಆಕ್ಷೇಪಣೆಯು ನ್ಯಾಯವಾದುದೇ. ಉತ್ಸಾಹದಿಂದ ಆರಂಭಿಸಿ, ಉದ್ಘಾಟನೆಯ ಹಾರ ಬಾಡುವುದರೊಳಗೆ ಮರೆತುಹೋದ ಕೆಲಸಗಳು ಕಡಿಮೆಯಲ್ಲ. ಆದರೆ ಇದಕ್ಕಾಗಿ ಹೊಸ ಹುದ್ದೆಗಳನ್ನು ಸೃಷ್ಟಿಸಬೇಕಾದುದಿಲ್ಲ. ಗ್ರಾಮ ಪಂಚಾಯತಿಗಳಲ್ಲಿ ಅಂಗವಿಕಲರಿಗಾಗಿಯೇ ನೇಮಕವಾದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರಲ್ಲಿ ಸ್ವತಃ ಅಂಗವಿಕಲರಾದವರೂ ಇದ್ದಾರೆ. ವ್ಯವಸಾಯ ಇಲಾಖೆಯ ಸಿಬ್ಬಂದಿಯವರು ಹೋಬಳಿಯ ಹಳ್ಳಿಗಳನ್ನು ಹೇಗೂ ಸುತ್ತುತ್ತಾರೆ. ಈ ಇಬ್ಬರೂ ತಿಂಗಳಿಗೊಮ್ಮೆ ಒಂದೆಡೆ ಕುಳಿತು, ಯಾವ ಗುರುತು ಸರಿಯಾಗಿದೆ, ಯಾವುದು ತಪ್ಪಿದೆ ಎಂದು ನೋಡಿದರೆ ಸಾಕು. ಅವರು ಮಾಡಿದ ಈ ಕೆಲಸಕ್ಕೆ ದಿನಚರಿಯಲ್ಲಿ ಸ್ಥಾನವನ್ನೂ, ಪ್ರಯಾಣದ ಭತ್ಯವನ್ನೂ ಕೊಡುವುದು ಮೇಲಿನವರ ಕರ್ತವ್ಯ. ಲೆಕ್ಕಕ್ಕೆ ಬಾರದ ಕೆಲಸವು ಹೆಚ್ಚು ದಿನ ನಡೆಯುವುದಿಲ್ಲ.

ಇಂಥ ನಕ್ಷೆಯನ್ನು ಬಳಸುವವರು ಒಂದು ಹೋಬಳಿಯಲ್ಲಿ ಎಷ್ಟು ಮಂದಿ ಇದ್ದಾರು ಎಂದು ಕೆಲವರು ಕೇಳಬಹುದು. ಅಂಗವಿಕಲರೆಂದು ಎಣಿಕೆಗೆ ಬಂದವರು ಮಾತ್ರವೇ ಇದರ ಉಪಯೋಗ ಪಡೆಯುವರೆಂಬುದು ತಪ್ಪು ತಿಳಿವಳಿಕೆ. ಮಂಡಿ ಸವೆದ ಮುದುಕನಿಗೂ, ಹೆರಿಗೆಯಾದ ಮೇಲೆ ಸೊಂಟ ಬಿದ್ದ ಹೆಂಗಸಿಗೂ, ಕಿವಿ ಮಂದವಾಗುತ್ತಿರುವ ಟ್ರಾಕ್ಟರ್ ನಡೆಸುವವನಿಗೂ ಇದು ಬೇಕು. ದೀರ್ಘಕಾಲ ಬದುಕುವ ಪ್ರತಿಯೊಬ್ಬ ರೈತನಿಗೂ ಒಂದಲ್ಲ ಒಂದು ದಿನ ಇಂಥ ನಕ್ಷೆಯ ಅವಶ್ಯಕತೆ ಬಂದೇ ಬರುತ್ತದೆ.

ಹೊಸ ತಳಿಯ ಬೀಜವನ್ನು ನಾಡಿಗೆಲ್ಲ ಹಂಚುವುದಕ್ಕೆ ಮುಂಚೆ ಪ್ರಯೋಗ ಕ್ಷೇತ್ರದಲ್ಲಿ ಬಿತ್ತಿ ನೋಡುವುದು ಪದ್ಧತಿಯಾಗಿದೆ. ಅದರಂತೆಯೇ ಈ ನಕ್ಷೆಯನ್ನೂ ಮೊದಲು ಒಂದು ಖುಷ್ಕಿ ಹೋಬಳಿಯಲ್ಲಿಯೂ, ಒಂದು ತರಿ ಹೋಬಳಿಯಲ್ಲಿಯೂ ಒಂದು ವರ್ಷ ಪ್ರಯೋಗಿಸಿ ನೋಡಬಹುದು. ವರ್ಷಾಂತ್ಯದಲ್ಲಿ ಎಷ್ಟು ಮಂದಿ ನಕ್ಷೆಯನ್ನು ತೆರೆದು ನೋಡಿದರೆಂಬುದನ್ನು ಎಣಿಸುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಅದನ್ನು ನಂಬಿ ಹೊರಟವರಲ್ಲಿ ಎಷ್ಟು ಮಂದಿಗೆ ವಸ್ತುವು ದೊರೆಯಿತು, ಎಷ್ಟು ಮಂದಿ ಬರಿಗೈಯಲ್ಲಿ ಹಿಂದಿರುಗಿದರು, ಪಾಲಿಗೆ ಹೋಗಿದ್ದ ಎಷ್ಟು ಎಕರೆಗಳು ಮತ್ತೆ ಸ್ವಂತ ಸಾಗುವಳಿಗೆ ಬಂದುವು, ಈ ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು. ಎರಡನೆಯ ಪ್ರಶ್ನೆಯ ಉತ್ತರವು ಸೊನ್ನೆಯ ಸಮೀಪಕ್ಕೆ ಬಂದ ದಿನ ನಕ್ಷೆಯು ಮುಂದಿನ ಹೋಬಳಿಗೆ ಹೋಗಲು ಯೋಗ್ಯವಾಯಿತೆಂದು ತಿಳಿಯಬಹುದು.

ಜಗಲಿಯ ಮೇಲೆ ಕುಳಿತಿರುವ ರೈತನು ಕನಿಕರವನ್ನು ಕೇಳುತ್ತಿಲ್ಲ. ಯಾವ ದಾರಿಯಲ್ಲಿ, ಎಷ್ಟು ದೂರ ಹೋದರೆ, ಯಾವ ದಿನ, ಯಾರು ಸಿಕ್ಕುವರೆಂದು ಕೇಳುತ್ತಿದ್ದಾನೆ. ಮುಂಗಾರು ಯಾರಿಗಾಗಿಯೂ ಕಾಯುವುದಿಲ್ಲವಾದುದರಿಂದ, ಆತನಿಗೆ ನಿಜವಾದ ಉತ್ತರವು ಬಿತ್ತನೆಯ ಹದ ಮೀರುವುದರೊಳಗೆ ದೊರೆಯುವಂತೆ ಸಂಬಂಧಪಟ್ಟ ಇಲಾಖೆಗಳವರೂ ಗ್ರಾಮದ ಮುಖಂಡರೂ ಕೂಡಿ ಪ್ರಯತ್ನಿಸುವುದು ಅತ್ಯಾವಶ್ಯಕವಾಗಿದೆ.